ಕೂಡಿ ದುಡಿಯುವವರ ನಡುವಣ ಮಾತು ಮತ್ತು ಮೌನ

(ಸಂಘದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ನಾನು ಸಂಶೋಧಕನಲ್ಲ. ಸ್ನಾತಕೋತ್ತರ ಪದವಿಯ ಅನಂತರ ಕೇಂದ್ರ ಸರ್ಕಾರದ ಸೇವೆಗೆ ಸೇರಿ ಕಡತಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದವನು. ಆದರೂ ಸಂಶೋಧನಾ ಕ್ಷೇತ್ರದ ಸಹಯೋಗ ಮತ್ತು ಸಂಘರ್ಷ ಎಂಬ ವಿಷಯವನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ನಮ್ಮ ಮನೆಗಳ ಮಕ್ಕಳು ಇಂದು ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳ ವಿಶ್ವವಿದ್ಯಾಲಯಗಳಲ್ಲಿ, ಪ್ರಯೋಗಾಲಯಗಳಲ್ಲಿ ಸಂಶೋಧನೆ ನಡೆಸುತ್ತಿದ್ದಾರೆ. ಅವರ ತಂದೆತಾಯಿಗಳು ಸಂಘಕ್ಕೆ ಬಂದಾಗ ತೋಡಿಕೊಳ್ಳುವ ಕಳವಳ ಅಧ್ಯಯನದ ಕಾಠಿಣ್ಯವನ್ನು ಕುರಿತದ್ದಾಗಿರುವುದು ವಿರಳ. ಮಾರ್ಗದರ್ಶಕರೊಡನೆ ಮಾತು ನಿಂತುಹೋಗಿದೆ, ದುಡಿದವಳು ಇವಳು, ಪ್ರಬಂಧದಲ್ಲಿ ಹೆಸರು ಮುಂದಾದದ್ದು ಮತ್ತೊಬ್ಬರದು — ಇಂಥ ದೂರುಗಳೇ ಹೆಚ್ಚು.

ಸಂಶೋಧನೆಯ ಸಂಬಂಧಗಳು ಕೆಡುವುದಕ್ಕೆ ವ್ಯಕ್ತಿಗಳ ದುರ್ಗುಣಕ್ಕಿಂತ, ಹೇಳಬೇಕಾದವರು ಹೇಳಬೇಕಾದ ಕಾಲದಲ್ಲಿ ಹೇಳದೆ ಬಿಟ್ಟ ಮಾತೇ ಹೆಚ್ಚಿನ ಕಾರಣವೆಂದು ನನ್ನ ತಿಳಿವಳಿಕೆ. ಆ ಮಾತನ್ನು ಮೊದಲು ಆಡುವ ಹೊಣೆ ಅಧಿಕಾರದಲ್ಲಿರುವವರದು. ಇದಕ್ಕೆ ಜಗತ್ತೇ ಬಲ್ಲ ಒಂದು ನಿದರ್ಶನವನ್ನು ತಮ್ಮ ಮುಂದಿಡುತ್ತೇನೆ.

ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಜಾನ್ ರಾಂಡಲ್ ಎಂಬ ಪ್ರಾಧ್ಯಾಪಕರ ನೇತೃತ್ವದ ಸಂಶೋಧನಾ ಘಟಕವೊಂದಿತ್ತು. ಮಾರಿಸ್ ವಿಲ್ಕಿನ್ಸ್ ಅಲ್ಲಿಯ ಹಿರಿಯ ವಿಜ್ಞಾನಿ. 1950ರಲ್ಲಿ ವಿಲ್ಕಿನ್ಸ್ ಮತ್ತು ಸಂಶೋಧನಾ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಕೂಡಿ ಡಿಎನ್‌ಎಯ ಎಕ್ಸ್-ಕಿರಣ ಚಿತ್ರಗಳನ್ನು ತೆಗೆದಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ರಾಂಡಲ್ ಅವರು ಹೊಸದಾಗಿ ಸೇರಲಿದ್ದ ರೊಸಾಲಿಂಡ್ ಫ್ರಾಂಕ್ಲಿನ್ ಎಂಬಾಕೆಗೆ ಪತ್ರ ಬರೆದರು. ಎಕ್ಸ್-ಕಿರಣದ ಪ್ರಯೋಗಗಳನ್ನು ಸದ್ಯಕ್ಕೆ ಆಕೆ ಮತ್ತು ಗಾಸ್ಲಿಂಗ್ ಇಬ್ಬರೇ ನಡೆಸುವರೆಂದು ಅದರ ಅರ್ಥ. ಈ ಪತ್ರದ ಸಂಗತಿ ವಿಲ್ಕಿನ್ಸರಿಗೆ ತಿಳಿಯಲಿಲ್ಲ. ಅದನ್ನು ಅವರು ಕಂಡದ್ದು ಬಹಳ ವರ್ಷಗಳ ಮೇಲೆ, ಫ್ರಾಂಕ್ಲಿನ್ ತೀರಿಕೊಂಡ ಬಳಿಕ.

ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಆದೇಶವೇನೋ ಹೊರಟಿತು, ಅದರ ಪ್ರತಿ ಸಂಬಂಧಪಟ್ಟ ಇನ್ನೊಬ್ಬ ಅಧಿಕಾರಿಗೆ ಹೋಗಲಿಲ್ಲ. 1951ರ ಜನವರಿಯಲ್ಲಿ ಬಂದ ಫ್ರಾಂಕ್ಲಿನ್ ತಾನು ಸ್ವತಂತ್ರಳೆಂದು ನಂಬಿದರು. ತಮ್ಮ ಕೆಲಸಕ್ಕೆ ನೆರವಾಗಲು ಬಂದವರೆಂದು ವಿಲ್ಕಿನ್ಸ್ ಎಣಿಸಿದರು. ಇಬ್ಬರ ನಂಬಿಕೆಗೂ ಆಧಾರವಿತ್ತು. ಇಬ್ಬರಿಗೂ ಮತ್ತೊಬ್ಬರು ಅತಿಕ್ರಮಿಗಳಾಗಿ ಕಂಡರು. ಅದೇ ವರ್ಷ ಜಗಳವನ್ನು ಬಗೆಹರಿಸಲು ರಾಂಡಲ್ ಅನುಸರಿಸಿದ ಕ್ರಮ, ಅಣ್ಣತಮ್ಮಂದಿರಿಗೆ ಹೊಲ ಹಂಚಿಕೊಟ್ಟ ಹಾಗಿತ್ತು. ಡಿಎನ್‌ಎಯ ‘ಎ’ ರೂಪ ಫ್ರಾಂಕ್ಲಿನ್ನರಿಗೆ, ‘ಬಿ’ ರೂಪ ವಿಲ್ಕಿನ್ಸರಿಗೆ. ಉತ್ತಮ ಮಾದರಿ ವಸ್ತುವೂ ಫ್ರಾಂಕ್ಲಿನ್ನರ ಪಾಲಿಗೆ. ಗಡಿಕಲ್ಲು ನೆಟ್ಟಮೇಲೆ ಉಳಿದಿದ್ದ ಅಲ್ಪಸ್ವಲ್ಪ ಮಾತೂ ನಿಂತಿತು.

ಇತ್ತ ಕೇಂಬ್ರಿಜ್‌ನಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ದಿನವೂ ಚರ್ಚಿಸುತ್ತಿದ್ದರು, ಪರಸ್ಪರ ತಪ್ಪುಗಳನ್ನು ಮುಲಾಜಿಲ್ಲದೆ ಎತ್ತಿ ತೋರಿಸುತ್ತಿದ್ದರು. 1952ರ ಮೇ ತಿಂಗಳಲ್ಲಿ ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ತೆಗೆದ ‘51ನೆಯ ಚಿತ್ರ’ವನ್ನು 1953ರ ಜನವರಿ 30ರಂದು ವಿಲ್ಕಿನ್ಸ್ ಅವರು ವಾಟ್ಸನ್ನರಿಗೆ ತೋರಿಸಿದರು, ಫ್ರಾಂಕ್ಲಿನ್ನರಿಗೆ ಅದು ತಿಳಿಯದು. ಇದನ್ನು ಬರಿಯ ಕಳವು ಎಂದುಬಿಡುವುದು ಸುಲಭ. ಆದರೆ ಆ ವೇಳೆಗೆ ಫ್ರಾಂಕ್ಲಿನ್ ಕಾಲೇಜನ್ನು ಬಿಡುವವರಿದ್ದರು, ಗಾಸ್ಲಿಂಗ್ ಮರಳಿ ವಿಲ್ಕಿನ್ಸರ ಕೈಕೆಳಗೆ ಬಂದಿದ್ದರು, ಚಿತ್ರ ಅವರ ಮೂಲಕವೇ ವಿಲ್ಕಿನ್ಸರನ್ನು ಸೇರಿತ್ತು. ಚಿತ್ರ ಯಾರದು, ಯಾರಿಗೆ ತೋರಿಸಬಹುದು, ಯಾರ ಒಪ್ಪಿಗೆ ಬೇಕು ಎಂಬುದನ್ನು ಯಾರೂ ನಿಶ್ಚಯಿಸಿರಲಿಲ್ಲ. ಅದೇ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ಮೂರು ಪ್ರಬಂಧಗಳು ಒಟ್ಟಿಗೆ ಬಂದವು. ಫ್ರಾಂಕ್ಲಿನ್ನರ ಅಳತೆಗಳು ಕೇಂಬ್ರಿಜ್ಜಿನವರ ಮಾದರಿಗೆ ಎಷ್ಟು ಆಧಾರವಾಗಿದ್ದವೆಂಬುದು ಓದುಗರಿಗೆ ತಿಳಿಯಲಿಲ್ಲ. ಆಕೆ 1958ರಲ್ಲಿ, 37ನೆಯ ವಯಸ್ಸಿನಲ್ಲಿ ನಿಧನರಾದರು. 1962ರಲ್ಲಿ ನೊಬೆಲ್ ಬಂದದ್ದು ಕ್ರಿಕ್, ವಾಟ್ಸನ್, ವಿಲ್ಕಿನ್ಸರಿಗೆ.

ಫ್ರಾಂಕ್ಲಿನ್ನರ ಸ್ವಭಾವವೇ ಒರಟು, ಯಾರೊಡನೆಯೂ ಹೊಂದದವರು ಎಂದು ಹೇಳಿದವರುಂಟು. ಮುಂದಿನ ಐದು ವರ್ಷ ಈ ಮಾತನ್ನು ಸುಳ್ಳಾಗಿಸುತ್ತದೆ. ಬರ್ಕ್‌ಬೆಕ್ ಕಾಲೇಜಿನಲ್ಲಿ ಆರನ್ ಕ್ಲುಗ್ ಮೊದಲಾದವರೊಡನೆ ಆಕೆ ವೈರಸ್‌ಗಳ ರಚನೆಯನ್ನು ಕುರಿತು ಸೊಗಸಾಗಿ ಕೂಡಿ ದುಡಿದರು. ಕಾಯಿಲೆಯಾದಾಗ ಚೇತರಿಸಿಕೊಳ್ಳಲು ಕ್ರಿಕ್ ದಂಪತಿಗಳ ಮನೆಯಲ್ಲಿಯೇ ತಂಗಿದ್ದರು! ಕ್ಲುಗ್ 1982ರಲ್ಲಿ ನೊಬೆಲ್ ಪಡೆದರು. ವ್ಯಕ್ತಿ ಆಕೆಯೇ, ಬದಲಾದದ್ದು ವ್ಯವಸ್ಥೆ.

ಮೊದಲೇ ಮಾತನಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿಯವರು ಲಿಟಲ್‌ವುಡ್ ಎಂಬ ಗಣಿತಜ್ಞರೊಡನೆ ಸುಮಾರು 35 ವರ್ಷ ಕೂಡಿ ಕೆಲಸ ಮಾಡಿದರು. ಅವರ ನಡುವೆ ನಾಲ್ಕು ಕಟ್ಟಳೆಗಳಿದ್ದುವೆಂದು ಡೆನ್ಮಾರ್ಕಿನ ಗಣಿತಜ್ಞ ಹರಾಲ್ಡ್ ಬೋರ್ ದಾಖಲಿಸಿದ್ದಾರೆ. ಪತ್ರದಲ್ಲಿ ಬರೆದದ್ದು ಸರಿಯೇ ತಪ್ಪೇ ಎಂಬುದು ಮುಖ್ಯವಲ್ಲ. ಬಂದ ಪತ್ರವನ್ನು ಓದಲೇಬೇಕೆಂಬ, ಉತ್ತರಿಸಲೇಬೇಕೆಂಬ ಬಂಧನವಿಲ್ಲ. ಒಂದೇ ಅಂಶವನ್ನು ಇಬ್ಬರೂ ಏಕಕಾಲದಲ್ಲಿ ಚಿಂತಿಸದಿರುವುದು ಒಳಿತು. ಒಬ್ಬರು ಏನನ್ನೂ ಕೂಡಿಸದಿದ್ದರೂ ಪ್ರಬಂಧಕ್ಕೆ ಇಬ್ಬರ ಹೆಸರೂ ಇರಬಹುದು. ಈ ನಾಲ್ಕನೆಯ ಕಟ್ಟಳೆ ನಮ್ಮ ಮಕ್ಕಳಿಗೆ ಒಗ್ಗದು. ಅದು ಸಮಾನರ ನಡುವಣ ಒಪ್ಪಂದ. ಮಾರ್ಗದರ್ಶಕ ಮತ್ತು ವಿದ್ಯಾರ್ಥಿಯ ನಡುವೆ ಅದೇ ಕಟ್ಟಳೆ ಶೋಷಣೆಯಾಗುತ್ತದೆ. ಕಟ್ಟಳೆ ಯಾವುದಿರಲಿ, ಅದು ಮುಂಚಿತವಾಗಿ ಇಬ್ಬರಿಗೂ ತಿಳಿದಿರಬೇಕೆಂಬುದೇ ಇಲ್ಲಿನ ಪಾಠ.

ಬರೆದಿಟ್ಟ ಹೆಸರಿನ ಬೆಲೆಯನ್ನು ತಿಳಿಯಲು ನಮ್ಮ ದೇಶದ ಚರಿತ್ರೆಯೇ ಸಾಕು. 1928ರಲ್ಲಿ ‘ನೇಚರ್’ಗೆ ಕಳುಹಿಸಿದ ರಾಮನ್ ಪರಿಣಾಮದ ಮೊದಲ ಟಿಪ್ಪಣಿಗೆ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಇಬ್ಬರ ಹೆಸರೂ ಇತ್ತು. 1930ರ ಪ್ರಶಸ್ತಿ ರಾಮನ್ನರೊಬ್ಬರಿಗೆ ಬಂದಿತು. ಆದರೂ ಆ ಟಿಪ್ಪಣಿಯ ಕಾರಣದಿಂದ ಕೃಷ್ಣನ್ನರ ಪಾಲನ್ನು ಯಾರೂ ಮರೆಯಲಾಗಿಲ್ಲ. ಮುಂದೆ ಬೆಂಗಳೂರಿನಲ್ಲಿ ಶ್ರವಣಾತೀತ ತರಂಗಗಳಿಂದ ಬೆಳಕು ಚದರುವ ಬಗೆಯನ್ನು ರಾಮನ್ ಅವರು ನಾಗೇಂದ್ರನಾಥರೆಂಬ ಕಿರಿಯರೊಡನೆ 1935-36ರಲ್ಲಿ ವಿವರಿಸಿದರು. ಅದು ಇಂದಿಗೂ ‘ರಾಮನ್-ನಾಥ್ ಸಿದ್ಧಾಂತ’ ಎಂದೇ ಪ್ರಸಿದ್ಧ.

ಇನ್ನು ನಮ್ಮ ಕಾಲಕ್ಕೆ ಬರೋಣ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳಂತೆ ಪ್ರತಿಯೊಬ್ಬ ಪಿಎಚ್.ಡಿ. ವಿದ್ಯಾರ್ಥಿಗೂ ಸಂಶೋಧನಾ ಸಲಹಾ ಸಮಿತಿಯೊಂದಿರಬೇಕು. ಪ್ರತಿ ಅರ್ಧವರ್ಷಕ್ಕೆ ವಿದ್ಯಾರ್ಥಿ ಅದರ ಮುಂದೆ ಪ್ರಗತಿಯನ್ನು ನಿವೇದಿಸಬೇಕು. ವ್ಯವಸ್ಥೆ ಒಳ್ಳೆಯದು. ಆದರೆ ಆ ಸಮಿತಿಯ ಸಂಚಾಲಕರು ಮಾರ್ಗದರ್ಶಕರೇ. ಅವರೊಡನೆಯೇ ಮನಸ್ತಾಪವಿದ್ದರೆ ವಿದ್ಯಾರ್ಥಿ ಬಾಯಿ ತೆರೆಯುವುದೆಲ್ಲಿ? ‘ಧೈರ್ಯವಾಗಿ ಮಾತನಾಡು’ ಎಂದು ಕಿರಿಯರಿಗೆ ಬುದ್ಧಿ ಹೇಳಿದರೆ ಸಾಲದು. ಶಿಫಾರಸು ಪತ್ರ, ವೇತನ, ಪದವಿ ಎಲ್ಲವೂ ಎದುರಿನವರ ಕೈಯಲ್ಲಿರುವಾಗ ಮೌನ ಹೇಡಿತನವಲ್ಲ, ಲೆಕ್ಕಾಚಾರ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಮದುವೆಯ ಮಾತುಕತೆಗೆ ಸಲ್ಲಬಹುದು, ಪ್ರಯೋಗಾಲಯಕ್ಕೆ ಸಲ್ಲದು.

ಆದುದರಿಂದ ಹಿರಿಯರಾದ ಮಾರ್ಗದರ್ಶಕರಲ್ಲಿ ನನ್ನ ವಿನಂತಿ: ಕೆಲಸದ ಮೊದಲ ತಿಂಗಳಲ್ಲಿಯೇ ಒಂದು ಹಾಳೆಯಲ್ಲಿ ನಾಲ್ಕು ಸಂಗತಿಗಳನ್ನು ಬರೆದಿಡಿ. ಯಾರ ಕೆಲಸ ಯಾವುದು, ಸಂಗ್ರಹಿಸಿದ ಮಾಹಿತಿ ಯಾರ ವಶ, ಪ್ರಬಂಧದಲ್ಲಿ ಹೆಸರುಗಳ ಕ್ರಮ ಹೇಗೆ, ಒಪ್ಪಂದವನ್ನು ಮತ್ತೆ ಪರಿಶೀಲಿಸುವುದು ಎಂದು. ಕಿರಿಯರು ಮಾಡಬಹುದಾದದ್ದು ಒಂದುಂಟು: ಪ್ರತಿ ಭೇಟಿಯ ಬಳಿಕ, ‘ಇಂದು ನಾವು ಹೀಗೆ ನಿಶ್ಚಯಿಸಿದೆವು, ನಾನು ತಪ್ಪು ತಿಳಿದಿದ್ದರೆ ತಿದ್ದಬೇಕು’ ಎಂದು ನಾಲ್ಕು ಸಾಲಿನ ವಿನಯಪೂರ್ವಕ ಪತ್ರ ಬರೆಯುವುದು. ದೂರವಾಣಿಯಲ್ಲಿ ಆಡಿದ್ದನ್ನು ಅಂದೇ ಕಡತದಲ್ಲಿ ನಮೂದಿಸುವುದು ನಮ್ಮ ಕಚೇರಿಗಳ ರೂಢಿ. ಅದರಿಂದ ಯಾರ ಗೌರವಕ್ಕೂ ಕುಂದು ಬಂದಿಲ್ಲ.

ಕೊನೆಯದಾಗಿ, ಸಂಘಕ್ಕೆ ಒಂದು ಸೂಚನೆ. ನಮ್ಮಲ್ಲಿ ನಿವೃತ್ತ ಪ್ರಾಧ್ಯಾಪಕರಿದ್ದಾರೆ, ವಿಜ್ಞಾನಿಗಳಿದ್ದಾರೆ. ಅವರಲ್ಲಿ ಇಬ್ಬರೋ ಮೂವರೋ ತಿಂಗಳಿಗೊಂದು ಸಂಜೆ ಸಂಘದಲ್ಲಿ ಕುಳಿತು, ಊರು ಬಿಟ್ಟು ಬಂದ ನಮ್ಮ ಸಂಶೋಧನಾ ವಿದ್ಯಾರ್ಥಿಗಳ ಮಾತನ್ನು ಕನ್ನಡದಲ್ಲಿ ಕೇಳಲಿ. ತೀರ್ಪು ಕೊಡುವುದು ಬೇಡ. ಯಾವ ಮಾತನ್ನು ಯಾರಿಗೆ, ಯಾವಾಗ, ಹೇಗೆ ಬರೆಯಬೇಕೆಂದು ತಿಳಿಸಿದರೆ ಸಾಕು. ರಾಜ್ಯೋತ್ಸವದ ಸಡಗರದಷ್ಟೇ ಇದೂ ಕನ್ನಡದ ಕೆಲಸವೆಂದು ನಾನು ನಂಬಿದ್ದೇನೆ.