ಮರಜರಿ ಮತ್ತು ತೊರೆಯ ನೆರಳು
(ಮುಳ್ಳೂರಿನಲ್ಲಿ ನೀಡಿದ ಉಪನ್ಯಾಸದ ಪಾಠ)



ಕೊಳ್ಳೇಗಾಲದ ಬಯಲನ್ನು ಹಾದುಹೋಗುವ ಕಾವೇರಿಯು ಹುಟ್ಟುವುದು ಕೊಡಗಿನ ಬೆಟ್ಟಗಳಲ್ಲಿ. ಅಲ್ಲಿನ ಮಳೆಕಾಡಿನ ತೊರೆಗಳ ಬದಿಯಲ್ಲಿ ಮರಜರಿ, ಅಂದರೆ ಮರದಂತೆ ಎತ್ತರಕ್ಕೆ ಬೆಳೆಯುವ ಜರೀಗಿಡ, ಕಾಣಸಿಗುತ್ತದೆ. ಸಸ್ಯಶಾಸ್ತ್ರದಲ್ಲಿ ಇದು ಸಯಾಥಿಯಾ ಜೈಗಾಂಟಿಯಾ. ಚಿಕ್ಕಮಗಳೂರಿನ ಮಲೆಗಳಲ್ಲಿಯೂ ಇದು ಉಂಟು. ಜರೀಗಿಡಗಳ ವಂಶ 30 ಕೋಟಿ ವರ್ಷಗಳಿಗೂ ಹಿಂದಿನದು. ಭೂಮಿಯ ಮೇಲೆ ಹೂವು ಅರಳುವುದಕ್ಕೆ ಎಷ್ಟೋ ಮೊದಲೇ ಅವು ಬೆಳೆದಿದ್ದವು.

ಮರಜರಿಯ ಕಾಂಡದಲ್ಲಿ ತೇಗ, ಬೀಟೆಗಳಂತೆ ವರ್ಷವರ್ಷವೂ ಕೂಡುವ ಕಟ್ಟಿಗೆಯಿಲ್ಲ. ಕಾಂಡವನ್ನು ಸುತ್ತಿ ಹೆಣೆದುಕೊಂಡ ಬೇರುಗಳೇ ಅದಕ್ಕೆ ಆಸರೆ. ಇದಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವೂ ಇಲ್ಲ. ಎಲೆಯ ಅಡಿಯಿಂದ ಉದುರುವ ಧೂಳಿನಂತಹ ಬೀಜಾಣುಗಳು ಗಾಳಿಯಲ್ಲಿ ಹರಡುತ್ತವೆ. ತೇವದ ನೆಲಕ್ಕೆ ಬಿದ್ದ ಬೀಜಾಣುವಿನಿಂದ ಮೊದಲು ಹೃದಯದ ಆಕಾರದ ಪುಟ್ಟ ಹಸಿರು ಹಾಳೆಯೊಂದು ಮೂಡುತ್ತದೆ. ಅದರ ಮೇಲಿನ ನೀರಿನ ಪದರದಲ್ಲಿ ಗಂಡುಕಣವು ಈಜಿ ಅಂಡವನ್ನು ಸೇರಿದರೆ ಮಾತ್ರ ಹೊಸ ಗಿಡ ಹುಟ್ಟೀತು.

ತೊರೆಯಂಚಿನ ಮರಗಳನ್ನು ಕಡಿದಾಗ ಬಿಸಿಲು ನೆಲಕ್ಕೆ ಬೀಳುತ್ತದೆ, ಆ ನೀರಿನ ಪದರ ಆರುತ್ತದೆ. ಬೆಳೆದ ಮರಜರಿ ಕೆಲಕಾಲ ನಿಂತೇ ಇರಬಹುದು, ಆದರೆ ಅದರ ಬುಡದಲ್ಲಿ ಮರಿ ಏಳುವುದಿಲ್ಲ. ಆದುದರಿಂದ ನಿಂತ ಗಿಡಗಳನ್ನು ಎಣಿಸಿದರೆ ಸಾಲದು. ಎಳೆಯ ಗಿಡಗಳಿವೆಯೇ ಎಂದು ನೋಡಬೇಕು.

ಸೀತಾಳೆಗಿಡಗಳನ್ನು ಬೆಳೆಸಲು ಮರಜರಿಯ ಕಾಂಡವನ್ನು ಬಳಸುವುದುಂಟು. ಸಯಾಥಿಯಾ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದದ 2ನೇ ಅನುಬಂಧವು ನಿಯಂತ್ರಿಸುತ್ತದೆ. ಆದರೆ ತೊರೆಯಂಚಿನ ನೆರಳನ್ನು ಕಾಯುವುದು ಆ ಒಪ್ಪಂದದ ಕೆಲಸವಲ್ಲ. ಅದು ಅಲ್ಲಿಯೇ ವಾಸಿಸುವವರಿಂದ ಆಗಬೇಕು.

ಈ ಮಾತು ಕೊಡಗಿಗೆ ಮಾತ್ರ ಸಲ್ಲುವುದಲ್ಲ. ನಮ್ಮ ಬಿಳಿಗಿರಿರಂಗನ ಬೆಟ್ಟದ ಎತ್ತರದ ಕಣಿವೆಗಳಲ್ಲಿಯೂ ಶೋಲಾ ಕಾಡಿದೆ, ಅದರ ನೆರಳಿನಲ್ಲಿ ಹಲವು ಬಗೆಯ ಸಣ್ಣ ಜರೀಗಿಡಗಳಿವೆ. ಅವುಗಳ ಹುಟ್ಟಿಗೂ ನೀರಿನ ಪದರವೇ ಬೇಕು. 2011ರಲ್ಲಿ ಈ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೂ ಮನ್ನಣೆ ದೊರೆಯಿತು. ಕಾಡಿನ ಹೊಣೆ ಇಲಾಖೆಯೊಂದರದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಕಾಫಿ ತೋಟದಲ್ಲಾಗಲಿ ಹೊಲದಲ್ಲಾಗಲಿ ತೊರೆಯ ಎರಡೂ ದಂಡೆಯ ಕಾಡುಮರಗಳನ್ನು ಉಳಿಸಬೇಕು. ದಂಡೆಯ ಪಾಚಿಯನ್ನು ಕೆರೆಯಬಾರದು. ಬೇಸಿಗೆಯಲ್ಲಿ ಪೈಪು ಹಾಕಿ ತೊರೆಯ ನೀರನ್ನೆಲ್ಲ ಸೆಳೆಯಬಾರದು. ವಿದ್ಯಾರ್ಥಿಗಳು ಪ್ರತಿ ಮಳೆಗಾಲದ ಕೊನೆಗೆ ತಮ್ಮೂರಿನ ತೊರೆಯಂಚಿನ ಎಳೆಯ ಜರೀಗಿಡಗಳನ್ನು ಎಣಿಸಿ ಬರೆದಿಡಲಿ. ಆ ಲೆಕ್ಕ ಇಳಿಯತೊಡಗಿದರೆ ದಂಡೆ ಒಣಗುತ್ತಿದೆಯೇ ಎಂದು ಊರಿನವರು ಕೂಡಲೇ ಹೋಗಿ ನೋಡಲಿ.