ಮಕ್ಕಳ ಕಾಲೇಜು, ನಮ್ಮ ಕಾಗದಪತ್ರ
(ಕುರನೂರ ಗಟದ ಬೆಳೆಗಾರರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ತಳಿ, ಗೊಬ್ಬರದ ಮಾತು ಪ್ರತಿ ಸಭೆಯಲ್ಲೂ ಇದ್ದದ್ದೇ. ಇಂದು ಕಾಲೇಜಿನ ಮಾತು. ಮೊದಲು ನಮ್ಮ ಮಕ್ಕಳ ಪದವಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ್ದು. 2004ರಲ್ಲಿ ಸೊಲ್ಲಾಪುರ ಜಿಲ್ಲೆಗೇ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು. ಅಕ್ಕಲಕೋಟೆಯಲ್ಲೇ ಖೇಡಗಿ ಕಾಲೇಜಿದೆ. ಆದರೂ ಬೋರಿ ನೀರಿನ ಮೇಲೆ ಕಬ್ಬು ಬೆಳೆಯುವ ಮನೆಗಳಲ್ಲಿ ಹನ್ನೆರಡನೆಯ ಇಯತ್ತೆಗೇ ಹೆಣ್ಣುಮಗಳ ಓದು ನಿಲ್ಲುವುದುಂಟು.

ಪ್ರವೇಶ ಜೂನ್-ಜುಲೈಯಲ್ಲಿ, ಆಗ ಕಬ್ಬು ಹೊಲದಲ್ಲಿ, ಕೈ ಬರಿದು. ಇದಕ್ಕೆ ದಾರಿಯಿದೆ. ವಾರ್ಷಿಕ ಉತ್ಪನ್ನ 8 ಲಕ್ಷದೊಳಗಿರುವ ಆರ್ಥಿಕ ದುರ್ಬಲ, ಎಸ್‌ಇಬಿಸಿ, ಇತರ ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳಿಗೆ ಮಹಾರಾಷ್ಟ್ರ ಸರ್ಕಾರವು 2024-25ರಿಂದ ವೃತ್ತಿಶಿಕ್ಷಣದ ಬೋಧನಾ ಹಾಗೂ ಪರೀಕ್ಷಾ ಶುಲ್ಕವನ್ನು ಪೂರ್ತಿ ಮಾಫಿ ಮಾಡಿದೆ. ಸೀಟು ಸರ್ಕಾರಿ ಕೇಂದ್ರೀಕೃತ ಪ್ರವೇಶದಿಂದ ಸಿಕ್ಕಿರಬೇಕು. ಡೊನೇಷನ್ ಕೊಟ್ಟು ಪಡೆದ ಸೀಟಿಗೆ ಇದಿಲ್ಲ. ಅಲ್ಪಭೂಧಾರಕರ ಮಕ್ಕಳು ವಸತಿಗೃಹದಲ್ಲಿದ್ದು ವೃತ್ತಿಶಿಕ್ಷಣ ಪಡೆಯುತ್ತಿದ್ದರೆ ಡಾ. ಪಂಜಾಬರಾವ ದೇಶಮುಖ ಯೋಜನೆಯ ನಿರ್ವಾಹ ಭತ್ತೆ ಬೇರೆ. ಅರ್ಜಿ ಮಹಾಡಿಬಿಟಿಯಲ್ಲಿ, ವರ್ಷವರ್ಷವೂ ನವೀಕರಿಸಬೇಕು. ತಹಶೀಲದಾರರ ಉತ್ಪನ್ನದ ದಾಖಲೆಯನ್ನು ಮೇ ತಿಂಗಳಲ್ಲೇ ತೆಗೆಯಿರಿ. ಬ್ಯಾಂಕ್ ಖಾತೆಗೆ ಆಧಾರ ಜೋಡಿಸಿರಿ.

ಇನ್ನೊಂದು ದಾರಿ ಬಹಳ ಜನಕ್ಕೆ ಗೊತ್ತಿಲ್ಲ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಮಕ್ಕಳಿಗೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರೆಂಬ ಅವಕಾಶವಿದೆ. ನಾಲ್ಕನೆಯ ಇಯತ್ತೆ ಮಟ್ಟದ ಕನ್ನಡ ಪರೀಕ್ಷೆ ಇರುತ್ತದೆ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ಮರಾಠಿ ಓದಿದ ಮಗು ಅಲ್ಲೇ ತೊಡರುತ್ತದೆ. ಅಕ್ಷರ ಕಲಿಸಿರಿ.

ಆಡಸಾಲಿ ನಾಟಿಯ ನೋಂದಣಿಗೆ ಗಟ ಕಚೇರಿಗೆ ಬರುವಾಗ 7/12 ಉತಾರದ ಜೊತೆ ಮಕ್ಕಳ ಈ ಕಾಗದಗಳನ್ನೂ ತನ್ನಿರಿ. ಕೂಡಿ ನೋಡೋಣ.