ನಡುವಯಸ್ಸಿನ ಮನಸ್ಸು
(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಮೀಸೆ ಮೂಡುವ ಹೊತ್ತಿಗೆ ಮನಸ್ಸು ಬೆಳೆದು ಮುಗಿಯಿತು, ಆಮೇಲಿನದೆಲ್ಲ ಸವೆತ ಎಂದು ಬಹಳ ಮಂದಿಯ ನಂಬಿಕೆ. ನಲವತ್ತು ದಾಟಿದ ನಮ್ಮವರೂ "ಇನ್ನು ಹುಡುಗರು ನೋಡಿಕೊಳ್ಳಲಿ" ಎಂದು ಕೈಚೆಲ್ಲುತ್ತಾರೆ. ಕೆಲವರು ಇದಕ್ಕೆ ತದ್ವಿರುದ್ಧ. ಹಿಡಿದ ಕುರ್ಚಿ ಬಿಡುವುದಿಲ್ಲ.

ಎರಿಕ್ ಎರಿಕ್‌ಸನ್ ಎಂಬ ಮನಶ್ಶಾಸ್ತ್ರಜ್ಞರು ಈ ನಂಬಿಕೆಯನ್ನು ಒಪ್ಪಲಿಲ್ಲ. ಜರ್ಮನಿಯಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಕಲಿತು, 1933ರಲ್ಲಿ ಅಮೆರಿಕ ಸೇರಿದವರು. ವಿಶ್ವವಿದ್ಯಾಲಯದ ಪದವಿಯಿಲ್ಲದೆಯೇ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾದರು. (ಪದವಿ ನೋಡಿ ವೇದಿಕೆಗೆ ಕರೆಯುವವರು ಗಮನಿಸಬೇಕು.) 1950ರ ತಮ್ಮ ಗ್ರಂಥದಲ್ಲಿ ಅವರು ಬಾಳನ್ನು ಎಂಟು ಘಟ್ಟಗಳಾಗಿ ಕಂಡರು. ಕೂಸಿನಲ್ಲಿ ನಂಬಿಕೆ ಹುಟ್ಟುವುದು ಮೊದಲನೆಯದು. ಸಾವಿನ ಎದುರು ಮುದುಕ ತನ್ನ ಬಾಳನ್ನು ಒಪ್ಪಿಕೊಳ್ಳುವುದು ಕೊನೆಯದು. ನಮಗೆ ಬೇಕಾದದ್ದು ಏಳನೆಯದು, ನಡುವಯಸ್ಸು. ಮುಂದಿನ ಪೀಳಿಗೆಯನ್ನು ಸಾಕಿ ಬೆಳೆಸುವ ಕಾಳಜಿ ಆಗ ಹುಟ್ಟಬೇಕು. ಹುಟ್ಟದಿದ್ದರೆ ಮನುಷ್ಯ ನಿಂತ ನೀರಾಗುತ್ತಾನೆ.

1962ರಲ್ಲಿ ಅವರು ಅಹಮದಾಬಾದಿಗೆ ಬಂದರು. ಅಲ್ಲಿನ 1918ರ ಗಿರಣಿ ಮುಷ್ಕರ ಅವರ ಮನಸ್ಸನ್ನು ಹಿಡಿಯಿತು. ಪ್ಲೇಗ್ ಭತ್ಯ ನಿಂತಾಗ ಕೂಲಿಗಾರರು ಶೇಕಡ 35ರ ಹೆಚ್ಚಳಕ್ಕೆ ಪಟ್ಟು ಹಿಡಿದಿದ್ದರು. ಮಾಲೀಕರು 20ಕ್ಕೆ ನಿಂತರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕೂಲಿಗಾರರ ಕಡೆ ಅವರ ಒಡಹುಟ್ಟಿದ ಅಕ್ಕ ಅನಸೂಯಾ. ಗಾಂಧಿಯವರಿಗೆ ಆಗ 48. ಹಸಿದ ಕೂಲಿಗಾರರು ಅಳುಕತೊಡಗಿದಾಗ ಅವರು ಉಪವಾಸ ಕೂತರು. ಮೂರು ದಿನದಲ್ಲಿ ರಾಜಿಯಾಯಿತು. ನಡುವಯಸ್ಸಿನಲ್ಲಿ ಪರರ ಬಾಳಿನ ಹೊಣೆ ಹೊತ್ತವನನ್ನು ಎರಿಕ್‌ಸನ್ ಅಲ್ಲಿ ಕಂಡರು. 1969ರಲ್ಲಿ ಆ ಪುಸ್ತಕ ಹೊರಬಂತು.

ಆದರೆ ಅದು ಬರೀ ಹೊಗಳಿಕೆಯಲ್ಲ. ಪುಸ್ತಕದ ನಡುವೆ ಗಾಂಧಿಯವರಿಗೇ ಪತ್ರ ಬರೆದಂತೆ ಬರೆದು, ಅಹಿಂಸೆಯ ಈ ಗುರು ಮನೆಯವರ ಮೇಲೆ ಮಾಡಿದ ಒತ್ತಾಯವನ್ನು ಎತ್ತಿ ಆಡಿದ್ದಾರೆ. ಬೆಳೆಸುವುದು ಬೇರೆ, ಆಳುವುದು ಬೇರೆ. ನಮ್ಮ ಸಮಿತಿಗಳಲ್ಲಿ ಈ ಭೇದ ಎಷ್ಟು ಮಂದಿಗೆ ತಿಳಿದಿದೆ?

ಎರಿಕ್‌ಸನ್‌ರ ಲೆಕ್ಕದಲ್ಲಿ ನಮಗೊಂದು ತಕರಾರುಂಟು. ನಲವತ್ತೈದಕ್ಕೆ ಬೆನ್ನು ಬಾಗಿದ ಕಲ್ಲುಗಣಿಯ ಆಳಿಗೆ ಏಳನೆಯ ಘಟ್ಟ ಎಲ್ಲಿಂದ ಬರಬೇಕು? ಇಟ್ಟಿಗೆ ಗೂಡಿನ ಹುಡುಗನಿಗೆ "ನಾನು ಯಾರು" ಎಂದು ಕೇಳಿಕೊಳ್ಳಲು ಬಿಡುವೆಲ್ಲಿ? ಶೇಕಡ 35ರ ಪ್ರಶ್ನೆ ಹೊಟ್ಟೆಯದಷ್ಟೇ ಅಲ್ಲ, ಮನಸ್ಸಿನ ಬೆಳವಣಿಗೆಯದೂ ಹೌದು.

ಆದ್ದರಿಂದ ನಮ್ಮ ಸಲಹೆ ಇಷ್ಟು: ಮುಂದಿನ ತಾಲ್ಲೂಕು ಸಭೆಯನ್ನು ಮೂವತ್ತರ ಒಳಗಿನವರೇ ನಡೆಸಲಿ. ಪಹಣಿ ಓದುವುದನ್ನು, ಅರ್ಜಿ ಬರೆಯುವುದನ್ನು ನಾವು ಪಕ್ಕದಲ್ಲಿ ಕೂತು ಹೇಳಿಕೊಡೋಣ, ಕೇಳಿದಾಗ ಮಾತ್ರ.